ಪ್ಲೇಗಿನ ತೀರ್ಮಾನಗಳು ಮತ್ತು ಹಲಾಲ್‌ಖೋರರ ಗಂಟುಮೂಟೆ

1896ರ ಅಕ್ಟೋಬರ್ 6ರಂದು ಮುಂಬಯಿಯ ಮುನಿಸಿಪಲ್ ಕಮಿಷನರ್ ಪಿ.ಸಿ.ಎಚ್. ಸ್ನೋ ಒಂದು ಆಜ್ಞೆ ಹೊರಡಿಸಿದ. ಪ್ಲೇಗಿನ ಗುಮಾನಿ ಇರುವ ಯಾವ ಮನೆಯನ್ನಾದರೂ ಹೊಕ್ಕು ನೋಡುವ, ರೋಗಿಯನ್ನು ಬೇಕಾದರೆ ಬಲವಂತದಿಂದಲೇ ಆಸ್ಪತ್ರೆಗೆ ಸಾಗಿಸುವ ಅಧಿಕಾರವನ್ನು ಅದು ಮುನಿಸಿಪಾಲಿಟಿಯ ಕೈಗೆ ಕೊಟ್ಟಿತು. ಆದರೆ ಅದೇ ತಿಂಗಳು ಮುಗಿಯುವಷ್ಟರಲ್ಲಿ ಅದೇ ಸ್ನೋ ಆ ಆಜ್ಞೆಯನ್ನು ಸಡಿಲಿಸಿದ. ಸಾಮ್ರಾಜ್ಯದ ಒಬ್ಬ ಅಧಿಕಾರಿ ತಾನೇ ಆಡಿದ ಮಾತನ್ನು ಮೂರೂವರೆ ವಾರದಲ್ಲಿ ನುಂಗಿಕೊಂಡದ್ದು ಯಾಕೆ?

ಈ ಪ್ರಶ್ನೆಗೆ ಚರಿತ್ರೆಯ ಪುಸ್ತಕಗಳಲ್ಲಿ ಸಿಗುವ ಉತ್ತರ ಸುಲಭವಾದದ್ದು. ಅಕ್ಟೋಬರ್ 29ರಂದು ಸುಮಾರು ಸಾವಿರ ಮಂದಿ ಗಿರಣಿ ಕಾರ್ಮಿಕರು ಆರ್ಥರ್ ರೋಡಿನ ಆಸ್ಪತ್ರೆಗೆ ನುಗ್ಗಿದರು, ಜನ ರೊಚ್ಚಿಗೆದ್ದರು, ಸರ್ಕಾರ ಹೆದರಿತು. ಇದು ಸುಳ್ಳಲ್ಲ. ಆದರೆ ಸ್ನೋ ಆಮೇಲೆ ಬರೆದ ವರದಿಯಲ್ಲಿ ಇನ್ನೊಂದು ಭಯ ಇದೆ. ಅದನ್ನು ಅವನು ಮುಚ್ಚಿಡುವುದೂ ಇಲ್ಲ. ಊರಿನ ಮಲ ಹೊರುವ ಹಲಾಲ್‌ಖೋರರು, ಕಸ ಗುಡಿಸುವವರು ಬಲವಂತದ ಆಸ್ಪತ್ರೆಗೆ ಹೆದರಿ ಗಂಟುಮೂಟೆ ಕಟ್ಟಿಬಿಟ್ಟರೆ ಏನು ಗತಿ ಎಂಬುದೇ ಆ ಭಯ. ವ್ಯಾಪಾರಿಗಳು ಹೋದರೆ ಪೇಟೆ ಮುಚ್ಚೀತು, ಗುಮಾಸ್ತರು ಹೋದರೆ ಕಚೇರಿ ಮುಚ್ಚೀತು. ಇವರು ಹೋದರೆ ನಗರವೇ ತನ್ನ ಹೇಲಿನಲ್ಲಿ ತಾನು ಮುಳುಗಿಹೋಗುತ್ತಿತ್ತು. ಹಾಗಾಗಿ ಅವರನ್ನು ಉಳಿಸಿಕೊಳ್ಳಲು ಆಜ್ಞೆ ಸಡಿಲವಾಯಿತು.

ಈ ಸಂಗತಿಯನ್ನು ಮೊದಲ ಸಲ ಓದಿದಾಗ ನನಗೆ ಒಂದು ಥರದ ಖುಷಿಯೇ ಆಯಿತು ಎನ್ನಬೇಕು. ಮುಂಬಯಿಯಂಥ ಮುಂಬಯಿಯ ಆಡಳಿತವನ್ನು ನಮ್ಮವರ ಒಂದು ಗಂಟು ಅಲ್ಲಾಡಿಸಿತಲ್ಲ ಎಂದು! ಆದರೆ ಆ ಖುಷಿ ಬಹಳ ಹೊತ್ತು ನಿಲ್ಲುವುದಿಲ್ಲ. ಯಾಕೆಂದರೆ ಇಡೀ ಕತೆಯಲ್ಲಿ ಹಲಾಲ್‌ಖೋರರು ಒಂದು ಮಾತೂ ಆಡುವುದಿಲ್ಲ. ಕಮಿಷನರ್ ಅವರ ಕೇರಿಗೆ ಹೋಗಿ ಏನಪ್ಪಾ ನಿಮಗೇನು ಭಯ ಎಂದು ಕೇಳಿದ್ದನ್ನು ವರದಿ ಹೇಳುವುದಿಲ್ಲ. ಅವರು ಅಲ್ಲಿ ಬರುವುದು ಒಂದು ಆತಂಕವಾಗಿ, ಒಂದು ಲೆಕ್ಕಾಚಾರವಾಗಿ ಮಾತ್ರ. ಅವರ ಕಾಲು ಅಧಿಕಾರಿಯ ಕಣ್ಣಿಗೆ ಕಾಣುತ್ತದೆ, ಬಾಯಿ ಕಾಣುವುದಿಲ್ಲ.

ಇನ್ನೊಂದು ವಿಷಯವನ್ನು ಇದರ ಪಕ್ಕದಲ್ಲಿ ಇಟ್ಟು ನೋಡಬೇಕು. ಇದಕ್ಕೆ ಆರು ವರ್ಷ ಮೊದಲು, 1890ರಲ್ಲಿ, ಮುಂಬಯಿಯಲ್ಲಿ ಮುನಿಸಿಪಲ್ ನೌಕರರ ಕಾಯ್ದೆ ಬಂದಿತ್ತು. ನೋಟೀಸು ಕೊಡದೆ ಕೆಲಸ ಬಿಟ್ಟುಹೋದ ಜಾಡಮಾಲಿಯನ್ನು ಜೈಲಿಗೆ ಹಾಕಬಹುದು ಎಂಬುದು ಅದರ ತಿರುಳು. ಕೆಲಸ ಬಿಡುವುದೇ ಅಪರಾಧ! ಇಂಥ ಕಾನೂನುಗಳ ಬಗ್ಗೆ ಬಾಬಾಸಾಹೇಬರು ಮುಂದೆ ಬಹಳ ಕಟುವಾಗಿಯೇ ಬರೆದರು. ಅದೇ ಪ್ಲೇಗಿನ ಚಳಿಗಾಲದಲ್ಲಿ ಗಿರಣಿ ಮಾಲೀಕರು ಆಳು ಸಿಗದೆ ದಿನಗೂಲಿ ಕೊಡತೊಡಗಿದರು. ಬೀದಿ ಮೂಲೆಯಲ್ಲಿ ಕೂಲಿ ಹರಾಜಾಗುತ್ತಿತ್ತು ಎಂದು ದಾಖಲೆಗಳಿವೆ. ಗಿರಣಿಯ ಕೂಲಿಗಾರ ತನ್ನ ದುಡಿಮೆಯನ್ನು ಹೆಚ್ಚು ಕೂಗಿದವನಿಗೆ ಮಾರಬಹುದಿತ್ತು. ಹಲಾಲ್‌ಖೋರ ಹಾಗೆ ಮಾಡುವಂತಿರಲಿಲ್ಲ. ಅವನಿಗೆ ಉಳಿದ ಒಂದೇ ಭಾಷೆ ಹೊರಟುಹೋಗುವುದು, ಅದಕ್ಕೂ ಜೈಲು ಕಾದಿತ್ತು. ಅಷ್ಟಾದರೂ ಕಮಿಷನರ್ ಕಾನೂನನ್ನು ನಂಬಲಿಲ್ಲ, ಆಜ್ಞೆ ಸಡಿಲಿಸುವುದೇ ವಾಸಿ ಎಂದುಕೊಂಡ. ಸಾವು ಬೆನ್ನಟ್ಟಿದಾಗ ಜೈಲಿಗೆ ಯಾರು ಹೆದರುತ್ತಾರೆ ಎಂಬುದು ಅವನಿಗೂ ಗೊತ್ತಿತ್ತು.

ಸಾಂಕ್ರಾಮಿಕ ರೋಗದ ಕಾಲದಲ್ಲಿ ನಾಯಕರು ಹೇಗೆ ತೀರ್ಮಾನ ತೆಗೆದುಕೊಳ್ಳುತ್ತಾರೆ ಎಂಬ ಚರ್ಚೆಯಲ್ಲಿ ವಿಜ್ಞಾನ, ಧೈರ್ಯ, ದೂರದೃಷ್ಟಿ ಮುಂತಾದ ದೊಡ್ಡ ದೊಡ್ಡ ಮಾತು ಬರುತ್ತವೆ. 1896ರಲ್ಲಿ ಆ ವಿಜ್ಞಾನ ಎಷ್ಟಿತ್ತು? ರೋಗಾಣುವನ್ನು 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಯೆರ್ಸಿನ್ ಗುರುತಿಸಿದ್ದ. ಇಲಿಯ ಮೈಮೇಲಿನ ಚಿಗಟ ರೋಗವನ್ನು ಹರಡುತ್ತದೆ ಎಂದು ಸಿಮೋನ್ ತೋರಿಸಿದ್ದು 1898ರಲ್ಲಿ; ಅದನ್ನು ದೊಡ್ಡವರು ಒಪ್ಪಿದ್ದು ಇನ್ನೂ ತಡವಾಗಿ. ಅಲ್ಲಿಯವರೆಗೆ ಕೊಳಕೇ ರೋಗ, ಕೊಳಕು ಇರುವ ಮೈಯೇ ರೋಗದ ಮೈ. ಮೋರಿಗಳಿಗೆ ಕಾರ್ಬಾಲಿಕ್ ಸುರಿದರು, ಸಮುದ್ರದ ನೀರು ಹರಿಸಿದರು. ಮೋರಿಯ ಇಲಿಗಳು ಮನೆ ಸೇರಿದವು ಎಂದು ಈಗ ಹೇಳುತ್ತಾರೆ. ಹೀಗೆ ಅರೆಬರೆ ತಿಳಿವಳಿಕೆಯಲ್ಲಿ ತೀರ್ಮಾನ ಮಾಡಬೇಕಾಗಿ ಬಂದಾಗ ಅಧಿಕಾರಸ್ಥರು ನಿಜಕ್ಕೂ ತೂಗಿ ನೋಡುವುದು ಏನನ್ನು? ಯಾರು ಗಲಾಟೆ ಮಾಡಿಯಾರು, ಯಾರು ಬಿಟ್ಟುಹೋದಾರು, ಈ ಎರಡನ್ನು. ಜಾತಿ ವ್ಯವಸ್ಥೆಯುಳ್ಳ ಸಮಾಜದಲ್ಲಿ ಈ ಎರಡು ಪ್ರಶ್ನೆಗಳಿಗೆ ಉತ್ತರ ಬೇರೆ ಬೇರೆ ಕೇರಿಗಳಿಂದ ಬರುತ್ತದೆ. ಗಲಾಟೆಗೆ ಹೆದರಿ ಕೊಟ್ಟ ರಿಯಾಯಿತಿಯಲ್ಲಿ ಗೌರವ ಇರುತ್ತದೆ, ಮಾತುಕತೆ ಇರುತ್ತದೆ. ಬಿಟ್ಟುಹೋದಾರೆಂದು ಹೆದರಿ ಕೊಟ್ಟ ರಿಯಾಯಿತಿಯಲ್ಲಿ ಕೆಲಸದ ಹಂಬಲ ಬಿಟ್ಟು ಬೇರೇನೂ ಇರುವುದಿಲ್ಲ.

1897ರಲ್ಲಿ ಜನರಲ್ ಗ್ಯಾಟಕರ್ ಮುಂಬಯಿಯ ಪ್ಲೇಗ್ ಸಮಿತಿಯ ಅಧ್ಯಕ್ಷನಾದ ಮೇಲೆ ಇದು ಇನ್ನೂ ಸ್ಪಷ್ಟವಾಯಿತು. ಬಲಪ್ರಯೋಗ ಮತ್ತೆ ಶುರುವಾಯಿತು, ಆದರೆ ಈಗ ಮುಖಂಡರ ಜೊತೆ ಮಾತಾಡಿಕೊಂಡು. ಯಾವ ಮುಖಂಡರು? ಜಾತಿಯ ಶೆಟ್ಟರು, ಜಮಾತಿನ ಹಿರಿಯರು, ವರ್ತಕರ ಪ್ರತಿನಿಧಿಗಳು. ಅವರ ಬೇಡಿಕೆಯಂತೆ ಒಂದೊಂದು ಜಾತಿಗೆ, ಒಂದೊಂದು ಪಂಗಡಕ್ಕೆ ಖಾಸಗಿ ಆಸ್ಪತ್ರೆ ತೆರೆಯಲು ಅನುಮತಿ ಸಿಕ್ಕಿತು. ಅಡುಗೆಯವರು ಸ್ವಜಾತಿಯವರು, ನೀರು ಕೊಡುವವರು ಸ್ವಜಾತಿಯವರು. ಇದನ್ನು ಆಧುನಿಕ ಚರಿತ್ರೆಕಾರರು ವಸಾಹತುಶಾಹಿ ವೈದ್ಯಕೀಯವು ಸ್ಥಳೀಯ ಸಂಸ್ಕೃತಿಯೊಂದಿಗೆ ಮಾಡಿಕೊಂಡ ರಾಜಿ ಎಂದು ಕರೆಯುತ್ತಾರೆ. ಸರಿ. ಆದರೆ ಸ್ಥಳೀಯ ಸಂಸ್ಕೃತಿ ಎಂದರೆ ಇಲ್ಲಿ ಏನು? ಅಸ್ಪೃಶ್ಯತೆಯನ್ನು ಆಸ್ಪತ್ರೆಯ ಮಂಚದವರೆಗೆ ತಂದದ್ದಕ್ಕೆ ಇಷ್ಟು ಸೌಮ್ಯವಾದ ಹೆಸರೇ? ಆಸ್ಪತ್ರೆ ಕಟ್ಟಿಸಿಕೊಡುವ ಸಾಹುಕಾರ ಯಾವ ಜಾತಿಯಲ್ಲಿ ಇಲ್ಲವೋ ಆ ಜಾತಿಗೆ ಉಳಿದದ್ದು ಸರ್ಕಾರಿ ಆಸ್ಪತ್ರೆ, ಸರ್ಕಾರಿ ಕ್ಯಾಂಪು. ನಾಯಕರಿದ್ದವರ ಪಾಲಿಗೆ ಕಾನೂನು ಮೆತ್ತಗಾಯಿತು, ಇಲ್ಲದವರ ಪಾಲಿಗೆ ಅದು ಕಾನೂನಾಗಿಯೇ ಉಳಿಯಿತು.

ಈಗ ಪುಣೆಗೆ ಬರೋಣ, ಯಾಕೆಂದರೆ ಪ್ಲೇಗು ಎಂದ ಕೂಡಲೇ ನಮ್ಮ ವಿದ್ಯಾರ್ಥಿಗಳಿಗೆ ನೆನಪಾಗುವುದು ಮುಂಬಯಿಯಲ್ಲ, ಪುಣೆ. ವಾಲ್ಟರ್ ಚಾರ್ಲ್ಸ್ ರ‍್ಯಾಂಡ್, ಅವನ ಸಮಿತಿಯ ಕೈಕೆಳಗೆ ಮನೆ ಶೋಧಿಸಿದ ಗೋರಾ ಸೈನಿಕರು, 1897ರ ಜೂನ್ 22ರಂದು ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವದ ರಾತ್ರಿ ಚಾಪೇಕರ್ ಸೋದರರು ಹಾರಿಸಿದ ಗುಂಡು, ಆಮೇಲೆ ತಿಲಕರಿಗೆ ರಾಜದ್ರೋಹದ ಹೆಸರಿನಲ್ಲಿ ಹದಿನೆಂಟು ತಿಂಗಳ ಶಿಕ್ಷೆ. ಶಾಲೆಯ ಪಾಠದಲ್ಲಿ ಇದು ಸ್ವಾತಂತ್ರ್ಯ ಹೋರಾಟದ ಒಂದು ಅಧ್ಯಾಯ. ಸೈನಿಕರ ದೌರ್ಜನ್ಯವನ್ನು ನಾನು ಅಲ್ಲಗಳೆಯುವುದಿಲ್ಲ. ಹೆಂಗಸರನ್ನು ಬೀದಿಯಲ್ಲಿ ನಿಲ್ಲಿಸಿ ಪರೀಕ್ಷೆ ಮಾಡಿದರೆಂಬ ದೂರು, ಸಾಮಾನು ಸುಟ್ಟರೆಂಬ ದೂರು ಎಲ್ಲ ಕಡೆಯಿಂದ ಬಂದಿದ್ದವು. ಗೋಖಲೆಯವರು ಇಂಗ್ಲೆಂಡಿನಲ್ಲಿ ಅತ್ಯಾಚಾರದ ಆಪಾದನೆ ಮಾಡಿ, ಸಾಕ್ಷಿ ಒದಗಿಸಲಾಗದೆ ಕ್ಷಮೆ ಕೇಳಬೇಕಾಗಿ ಬಂದದ್ದೂ ಗೊತ್ತಿರುವ ವಿಷಯವೇ. ತಿಲಕರು ಉಳಿದ ಅನೇಕ ಗಣ್ಯರಂತೆ ಊರು ಬಿಟ್ಟು ಓಡದೆ ಅಲ್ಲೇ ಇದ್ದು ಹಿಂದೂ ಪ್ಲೇಗ್ ಆಸ್ಪತ್ರೆ ನಡೆಸಿದರು ಎಂಬುದನ್ನೂ ಹೇಳಬೇಕು.

ಆದರೆ ಅಂದಿನ ಪ್ರತಿಭಟನೆಯ ಭಾಷೆಯನ್ನು ಸ್ವಲ್ಪ ಕಿವಿಗೊಟ್ಟು ಕೇಳಿ. ಬೂಟುಗಾಲಿನಲ್ಲಿ ಅಡುಗೆಮನೆ ಹೊಕ್ಕರು, ದೇವರ ಕೋಣೆ ಹೊಕ್ಕರು, ಮುಟ್ಟಬಾರದ್ದನ್ನು ಮುಟ್ಟಿದರು, ಮಡಿ ಕೆಟ್ಟಿತು. ಸಿಟ್ಟಿನ ತಿರುಳು ಇರುವುದು ಮುಟ್ಟಿದರು ಎಂಬುದರಲ್ಲಿ. 1980ರ ದಶಕದಲ್ಲಿ ಡೇವಿಡ್ ಆರ್ನಾಲ್ಡ್ ಈ ಪ್ಲೇಗಿನ ಬಗ್ಗೆ ಸಬಾಲ್ಟರ್ನ್ ಸ್ಟಡೀಸ್ ಮಾಲಿಕೆಯಲ್ಲಿ ಬರೆದ ಪ್ರಸಿದ್ಧ ಲೇಖನದ ಕೇಂದ್ರವೂ ಇದೇ: ವಸಾಹತು ಪ್ರಭುತ್ವವು ಭಾರತೀಯರ ದೇಹದ ಮೇಲೆ ಕೈಯಿಟ್ಟದ್ದು. ಆ ಲೇಖನದಿಂದ ನಾನು ಕಲಿತದ್ದು ಬಹಳ. ಆದರೂ ಕೇರಿಯಿಂದ ಬಂದವನೊಬ್ಬ ಅದನ್ನು ಓದುವಾಗ ಒಂದು ಕಡೆ ತಡೆದು ನಿಲ್ಲಬೇಕಾಗುತ್ತದೆ. ಯಾವ ಭಾರತೀಯರ ದೇಹ? ಮುಟ್ಟಿದ್ದೇ ಅವಮಾನವಾದ ದೇಹಗಳಿರುವ ಊರಿನಲ್ಲೇ ಮುಟ್ಟದಿರುವುದೇ ಅವಮಾನವಾದ ದೇಹಗಳೂ ಇದ್ದವಲ್ಲ. ಪುಣೆಯ ಮಹಾರವಾಡದಲ್ಲಿ ಬಿದ್ದಿದ್ದ ರೋಗಿಯನ್ನು ಯಾರೂ ಮುಟ್ಟದೆ ಇದ್ದರೆ ಅವನು ಸಾಯುತ್ತಿದ್ದ. ಆ ಸಾವಿನ ವಿರುದ್ಧ ಸಂಪಾದಕೀಯ ಬರೆಯುವವರು ಯಾರು?

ಬರೆಯುವವರು ಇರಲಿಲ್ಲ, ಆದರೆ ಮುಟ್ಟುವವರು ಇದ್ದರು. ಸಾವಿತ್ರಿಬಾಯಿ ಫುಲೆ ಮತ್ತು ಅವರ ಮಗ ಡಾ. ಯಶವಂತ ಪುಣೆಯ ಹೊರವಲಯದ ಹಡಪಸರದ ಬಳಿ ರೋಗಿಗಳಿಗಾಗಿ ಆಸ್ಪತ್ರೆ ತೆರೆದರು. ಮುಂಢ್ವಾದ ಮಹಾರ್ ಕೇರಿಯ ಒಬ್ಬ ಹುಡುಗನಿಗೆ ಪ್ಲೇಗು ತಗುಲಿದೆ ಎಂದು ಗೊತ್ತಾಗಿ ಸಾವಿತ್ರಿಬಾಯಿಯವರು ಅವನನ್ನು ತಾವೇ ಹೊತ್ತು ತಂದರು. ಹುಡುಗ ಬದುಕಿದ. ಅವರಿಗೆ ರೋಗ ಅಂಟಿ 1897ರ ಮಾರ್ಚ್ 10ರಂದು ತೀರಿಕೊಂಡರು. ಅದಕ್ಕೆ ಒಂದು ತಿಂಗಳು ಮೊದಲು, ಫೆಬ್ರವರಿ 9ರಂದು, ಮುಂಬಯಿಯಲ್ಲಿ ಸತ್ಯಶೋಧಕ ಸಮಾಜದ ನಾರಾಯಣ ಮೇಘಾಜಿ ಲೋಖಂಡೆ ಪ್ಲೇಗಿಗೆ ಬಲಿಯಾಗಿದ್ದರು. ಗಿರಣಿ ಕಾರ್ಮಿಕರನ್ನು ಮೊದಲು ಸಂಘಟಿಸಿದ ನಾಯಕ. ಫುಲೆ ಚಳವಳಿಯ ಇಬ್ಬರು ದೊಡ್ಡವರು ಒಂದು ತಿಂಗಳ ಅಂತರದಲ್ಲಿ ಹೋದರು. ಇವರೂ ನಾಯಕರೇ, ಇವರೂ ತೀರ್ಮಾನ ತೆಗೆದುಕೊಂಡವರೇ. ಇವರ ತೀರ್ಮಾನಕ್ಕೆ ಗೆಜೆಟ್ಟಿನ ಬಲ ಇರಲಿಲ್ಲ, ಅಷ್ಟೆ. ಅರವತ್ತಾರು ವರ್ಷದ ಹೆಂಗಸು ರೋಗ ಅಂಟುತ್ತದೆ ಎಂದು ಗೊತ್ತಿದ್ದೂ ಅಸ್ಪೃಶ್ಯರ ಮಗುವನ್ನು ಹೆಗಲಿಗೆ ಹಾಕಿಕೊಂಡದ್ದನ್ನು ನಾವು ತ್ಯಾಗ ಎಂದು ಕರೆದು ಕೈಮುಗಿದುಬಿಡುತ್ತೇವೆ. ರ‍್ಯಾಂಡನದು ನೀತಿ, ತಿಲಕರದು ರಾಜಕಾರಣ, ಸಾವಿತ್ರಿಬಾಯಿಯವರದು ಮಾತ್ರ ತ್ಯಾಗ! ಈ ವಿಂಗಡಣೆಯೇ ಸಂಶಯಾಸ್ಪದ. ಯಾರ ಜೀವ ಮೊದಲು ಎಂಬ ಪ್ರಶ್ನೆಗೆ ಆ ವರ್ಷ ಪುಣೆಯಲ್ಲಿ ಸಿಕ್ಕ ಅತ್ಯಂತ ಸ್ಪಷ್ಟವಾದ ರಾಜಕೀಯ ಉತ್ತರ ಅವರದೇ.

ನಮ್ಮ ಕಡೆಗೆ ಪ್ಲೇಗು ರೈಲು ಹತ್ತಿ ಬಂತು. 1898ರ ಆಗಸ್ಟಿನಲ್ಲಿ ಹುಬ್ಬಳ್ಳಿ ದಾರಿಯಿಂದ ಬೆಂಗಳೂರಿಗೆ. ಆಗ ದಿವಾನರು ಕೆ. ಶೇಷಾದ್ರಿ ಅಯ್ಯರ್, ಪ್ಲೇಗ್ ಕಮಿಷನರ್ ವಿ.ಪಿ. ಮಾಧವರಾವ್. ಗಂಜಾಂನಲ್ಲಿ ಜನ ದಂಗೆ ಎದ್ದರು. ದಂಡು ಮತ್ತು ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ಹರಡಬೇಕೆಂಬ ತೀರ್ಮಾನಕ್ಕೆ ಬಲ ಬಂದು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದವು. ಅಗಲ ರಸ್ತೆ, ಗಾಳಿ ಬೆಳಕು, ಪಾರ್ಕು. ಬೆಂಗಳೂರಿನ ನಗರ ಯೋಜನೆಯ ಹೆಮ್ಮೆ ಎಂದು ಇವತ್ತಿಗೂ ಹೊಗಳುತ್ತಾರೆ, ಹೊಗಳಲಿ. ಆದರೆ ಅಲ್ಲಿ ನಿವೇಶನ ಹಂಚಿದ್ದು ಜಾತಿವಾರು ಎಂಬುದನ್ನು ಹೊಗಳುವವರು ಸಾಮಾನ್ಯವಾಗಿ ಮರೆಯುತ್ತಾರೆ. ಇನ್ನೊಂದನ್ನು ಕಣ್ಣಾರೆ ನೋಡಬಹುದು. ಮಲ್ಲೇಶ್ವರದ ಹಳೆಯ ಅಡ್ಡರಸ್ತೆಗಳಲ್ಲಿ ಮನೆಗಳ ಬೆನ್ನ ಹಿಂದೆ ಸಣ್ಣ ಓಣಿಗಳಿವೆ. ಅವಕ್ಕೆ ಕನ್ಸರ್ವೆನ್ಸಿ ಗಲ್ಲಿ ಎಂದು ಹೆಸರು. ಮಲ ಹೊರುವವರು ಮುಂಬಾಗಿಲ ರಸ್ತೆಯಲ್ಲಿ ಕಾಣಿಸಿಕೊಳ್ಳದೆ ಹಿಂದಿನಿಂದ ಬಂದು ಹಿಂದಿನಿಂದಲೇ ಹೋಗಲು ಬಿಟ್ಟ ದಾರಿ. ಆ ನಕ್ಷೆ ಬರೆದವರಿಗೆ ನಮ್ಮ ನೆನಪು ಇರಲೇ ಇಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಚೆನ್ನಾಗಿಯೇ ನೆನಪಿತ್ತು, ನಮ್ಮ ನಡಿಗೆಯನ್ನು ಅಳತೆ ಹಾಕಿ ಗೆರೆ ಎಳೆದಿದ್ದಾರೆ. ನಡೆಯುವ ಜಾಗ ಗೊತ್ತುಮಾಡಿದರು, ನಡೆದವರು ರಾತ್ರಿ ಎಲ್ಲಿ ಮಲಗಬೇಕೆಂಬುದು ಅವರ ಚಿಂತೆಯಾಗಲಿಲ್ಲ.

ಇದು ಸರ್ಕಾರದ ಮಾತಾಯಿತು. ಹಳ್ಳಿಗಳಲ್ಲಿ ಸರ್ಕಾರಕ್ಕಿಂತ ಮುಂಚೆ ಊರೇ ತೀರ್ಮಾನ ಮಾಡುತ್ತಿತ್ತು. ಇಲಿ ಬಿದ್ದವು ಎಂದರೆ ಊರು ಬಿಡಬೇಕು, ಹೊಲದಲ್ಲಿ ಗುಡ್ಲು ಹಾಕ್ಕೊಂಡು ಇರಬೇಕು. ವಿಜ್ಞಾನಿಗಳು ಇಲಿಯನ್ನು ಒಪ್ಪಿಕೊಳ್ಳುವ ಮೊದಲೇ ನಮ್ಮ ರೈತರಿಗೆ ಇಲಿ ಗೊತ್ತಿತ್ತು ಎಂದು ಜಾನಪದ ವಿದ್ವಾಂಸರು ಸಂಭ್ರಮಿಸುತ್ತಾರೆ. ಸಂಭ್ರಮಕ್ಕೆ ಕಾರಣವೂ ಇದೆ, ಆ ತಿಳಿವಳಿಕೆ ಸರಿಯಾಗಿತ್ತು. ಮೈಸೂರು ಸೀಮೆಯಲ್ಲಿ ಪ್ಲೇಗು ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಮತ್ತೆ ಮತ್ತೆ ಬಂದದ್ದರಿಂದ ಇದರ ನೆನಪು ಹಿರಿಯರಲ್ಲಿ ದಟ್ಟವಾಗಿತ್ತು. ನಮ್ಮಜ್ಜಿಯ ತಂದೆ ಊರ ತೋಟಿ. ಸಾವಿನ ಸುದ್ದಿ ಹೇಳಿ ಬರುವುದು, ಸತ್ತ ದನ ಎಳೆಯುವುದು, ರಾತ್ರಿ ಕಾವಲು, ಎಲ್ಲ ಅವನ ಪಾಲಿಗೆ. ಅಪ್ಪನ ಬಾಯಲ್ಲಿ ಕೇಳಿದ್ದನ್ನು ಅಜ್ಜಿ ನನಗೆ ಹೇಳುತ್ತಿದ್ದಳು: “ಊರ್ನೋರೆಲ್ಲ ಹೊಲಕ್ಕೆ ಹೋದ್ರು ಕಣಪ್ಪ. ಬೀಗ ಹಾಕಿದ್ ಮನೆ ಕಾಯಾಕೆ ನಮ್ಮಪ್ಪನ್ನ ಬುಟ್ರು. ಇಲಿ ಬಿದ್ದಿದ್ ಊರ್ಗೆ ದಿನಾ ರಾತ್ರಿ ಒಬ್ನೇ ಹೋಗಿ ಬತ್ತಿದ್ದ.”

ಊರಿನ ತೀರ್ಮಾನ ಸರಿಯಾದದ್ದೇ. ಬಿಟ್ಟು ಹೋದವರು ಬದುಕಿದರು. ಆದರೆ ರೋಗ ಇರುವುದು ಊರೊಳಗೆ ಎಂದು ಖಚಿತವಾಗಿ ಗೊತ್ತಿದ್ದವರೇ, ಬೇರೆ ದಿನಗಳಲ್ಲಿ ಊರೊಳಗೆ ತಲೆಯೆತ್ತಿ ನಡೆಯಲು ಬಿಡದವನನ್ನು ಆ ದಿನಗಳಲ್ಲಿ ಮಾತ್ರ ಊರೊಳಗೆ ಕಳಿಸಿದರು. ಸ್ನೋ ಮುಂಬಯಿಯಲ್ಲಿ ಲೆಕ್ಕ ಹಾಕಿದ್ದನ್ನೇ ನಮ್ಮ ಪಟೇಲ ಶಾನುಭೋಗರು ಯಾವ ವರದಿಯನ್ನೂ ಬರೆಯದೆ ಹಾಕಿದ್ದರು. ವಸಾಹತುಶಾಹಿಯೊಂದನ್ನೇ ಆರೋಪಿಯ ಕಟಕಟೆಯಲ್ಲಿ ನಿಲ್ಲಿಸುವ ಚರಿತ್ರೆಗೆ ಈ ತೋಟಿಯ ಕತೆ ಇರುಸುಮುರುಸು ಉಂಟುಮಾಡುತ್ತದೆ. ಜಾನಪದ ಜ್ಞಾನವನ್ನು ಮುಗ್ಧವಾಗಿ ಹಾಡಿಹೊಗಳುವವರಿಗೂ ಅಷ್ಟೇ.

1897ರ ಫೆಬ್ರವರಿ 4ರಂದು, ಮಂಡಿಸಿದ ಒಂದೇ ವಾರದಲ್ಲಿ, ಕಲಕತ್ತೆಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಪಾಸಾಯಿತು. ಒಟ್ಟು ನಾಲ್ಕೇ ಕಲಮು. ಸರ್ಕಾರ ಏನು ಬೇಕಾದರೂ ಮಾಡಬಹುದು, ಮೀರಿದವರಿಗೆ ಶಿಕ್ಷೆ, ಒಳ್ಳೆಯ ಉದ್ದೇಶದಿಂದ ಮಾಡಿದ ಅಧಿಕಾರಿಯ ಮೇಲೆ ದಾವೆ ಇಲ್ಲ. ರೋಗಿಗೆ ಏನು ಸಿಗಬೇಕು, ಕೆಲಸ ಕಳೆದುಕೊಂಡವನು ಏನು ತಿನ್ನಬೇಕು, ಹೆಣ ಹೊರುವವನಿಗೆ ಏನು ರಕ್ಷಣೆ, ಒಂದಕ್ಷರ ಇಲ್ಲ. ಪ್ಲೇಗು ಮುಂದಿನ ಮೂರು ದಶಕಗಳಲ್ಲಿ ಈ ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ತಿಂದಿತು. ಕಾಯ್ದೆ ಉಳಿಯಿತು. 2020ರ ಮಾರ್ಚಿನಲ್ಲಿ ಕೋವಿಡ್ ಬಂದಾಗ ಸರ್ಕಾರಗಳು ಮೊದಲು ಕೈಹಾಕಿದ್ದು ಇದಕ್ಕೇ. ಆಮೇಲೆ ಕರ್ನಾಟಕ ತನ್ನದೇ ಕಾಯ್ದೆ ಮಾಡಿಕೊಂಡಿತು.

ನಡುವೆ ಒಂದು ಸಲ ಮಾತ್ರ ತೀರ್ಮಾನದ ಕುರ್ಚಿಯಲ್ಲಿ ಕೇರಿಯವರು ಕೂತದ್ದನ್ನು ಕರ್ನಾಟಕ ಕಂಡಿದೆ. 1970ರ ದಶಕದಲ್ಲಿ ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಬೇಕೆಂದು ಆಜ್ಞೆ ಮಾಡಿದರು. ಪೌರಕಾರ್ಮಿಕರ ಸ್ಥಿತಿಗತಿ ನೋಡಲು ಐ.ಪಿ.ಡಿ. ಸಾಲಪ್ಪನವರ ಸಮಿತಿ ಬಂತು. ಬೂಸಾ ಪ್ರಕರಣದ ಬಸವಲಿಂಗಪ್ಪ ಎಲ್ಲರಿಗೂ ಗೊತ್ತು, ಸಾಹಿತಿಗಳು ಅದನ್ನೇ ಹಿಡಿದು ಎಳೆದಾಡುತ್ತಾರೆ. ಈ ಬಸವಲಿಂಗಪ್ಪನವರ ಬಗ್ಗೆ ಬರೆದವರು ಕಡಿಮೆ. ಸಾರ್ವಜನಿಕ ಆರೋಗ್ಯ ಎಂದರೆ ಊರಿನ ಆರೋಗ್ಯ ಮಾತ್ರವಲ್ಲ, ಊರನ್ನು ಚೊಕ್ಕಟ ಮಾಡುವವನ ಆರೋಗ್ಯವೂ ಹೌದು, ಅವನ ಮಾನವೂ ಹೌದು ಎಂಬ ತಿಳಿವಳಿಕೆ ಆ ಆಜ್ಞೆಯಲ್ಲಿತ್ತು. ಸ್ನೋನ ವರದಿಯಲ್ಲಾಗಲಿ, ನಾಲ್ಕು ಕಲಮುಗಳ ಕಾಯ್ದೆಯಲ್ಲಾಗಲಿ ಇದು ಹುಡುಕಿದರೂ ಸಿಗುವುದಿಲ್ಲ. ಆಜ್ಞೆ ಪೂರ್ತಿ ಜಾರಿಯಾಗಲಿಲ್ಲ. ಮ್ಯಾನ್‌ಹೋಲಿನ ಸಾವುಗಳು ಅದನ್ನು ಹೇಳುತ್ತಲೇ ಇವೆ. ಅದು ಬೇರೆಯದೇ ಲೇಖನದ ವಿಷಯ.

2020ರ ಮಾರ್ಚ್ 22ರ ಸಂಜೆ ಐದಕ್ಕೆ ಜನ ಚಪ್ಪಾಳೆ ತಟ್ಟಿದರು, ತಟ್ಟೆ ಬಡಿದರು. ಮಾರ್ಚ್ 24ರ ರಾತ್ರಿ ಎಂಟು ಗಂಟೆಗೆ ಪ್ರಧಾನಿಯವರು ಮಾತಾಡಿದರು, ನಾಲ್ಕು ಗಂಟೆಯಲ್ಲಿ ದೇಶ ಮುಚ್ಚಿತು. ಬೆಂಗಳೂರಿನಲ್ಲಿ ಬೆಳಿಗ್ಗೆ ಪೊರಕೆ ಹಿಡಿದು ಬೀದಿಗಿಳಿದ ಪೌರಕಾರ್ಮಿಕರಲ್ಲಿ ಹೆಚ್ಚಿನವರು ದಲಿತರು, ಅದರಲ್ಲೂ ಹೆಂಗಸರು. ಎಲ್ಲರೂ ಒಳಗೆ ಇರಿ ಎಂಬ ಆಜ್ಞೆಯಲ್ಲಿ ಎಲ್ಲರೂ ಎಂಬುದಕ್ಕೆ ಅವರು ಸೇರಿರಲಿಲ್ಲ. ಕೆಲವು ಕಡೆ ಅವರ ಕೊರಳಿಗೆ ಹಾರ ಹಾಕಿದರು, ತಲೆ ಮೇಲೆ ಹೂ ಸುರಿದರು. ಬೀಗ ಹಾಕಿದ ಊರನ್ನು ಕಾದ ತೋಟಿಗೆ ಹೂ ಸುರಿದಿರಲಿಲ್ಲ, ಅಷ್ಟು ವ್ಯತ್ಯಾಸ.

ಆ ವರ್ಷದ ಮೇ 5ರಂದು ಬೆಂಗಳೂರಿನಲ್ಲಿ ನಡೆದದ್ದನ್ನು ಸ್ನೋನ ಆಜ್ಞೆಯ ಪಕ್ಕದಲ್ಲೇ ಇಟ್ಟು ಓದಬೇಕು. ಉತ್ತರ ಭಾರತದ ಕಾರ್ಮಿಕರು ಊರಿಗೆ ಹೋಗಲು ವಿಶೇಷ ರೈಲು ಹೊರಡುತ್ತಿದ್ದವು. ಅಂದು ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು ಕಟ್ಟಡ ಉದ್ಯಮಿಗಳ ಜೊತೆ ಸಭೆ ನಡೆಸಿದರು. ಅದರ ಬೆನ್ನಿಗೇ ಮರುದಿನದಿಂದ ರೈಲು ಬೇಡ ಎಂದು ರಾಜ್ಯ ಸರ್ಕಾರ ರೈಲ್ವೆಗೆ ಪತ್ರ ಬರೆಯಿತು. ಕಾಮಗಾರಿ ಮತ್ತೆ ಶುರುವಾಗಬೇಕಿತ್ತು, ಆಳು ಹೋಗಬಾರದಿತ್ತು. ದೇಶದ ಎಲ್ಲ ಕಡೆಯಿಂದ ಛೀಮಾರಿ ಬಂತು. ಎರಡೇ ದಿನದಲ್ಲಿ ತೀರ್ಮಾನ ಬದಲಾಗಿ ಮೇ 8ರಿಂದ ರೈಲು ಓಡುತ್ತವೆ ಎಂದರು. 1896ರ ಕಮಿಷನರ್ ಹೋದಾರೆಂಬ ಭಯಕ್ಕೆ ಬಲವಂತವನ್ನು ಸಡಿಲಿಸಿದ್ದ. 2020ರ ಸರ್ಕಾರ ಅದೇ ಭಯಕ್ಕೆ ದಾರಿಯನ್ನೇ ಮುಚ್ಚಲು ಹೊರಟಿತು. ಎರಡೂ ಸಲ ಉದ್ಯಮಿಗಳು, ಅಧಿಕಾರಿಗಳು, ಜಾತಿ ಮುಖಂಡರು ಮೇಜಿನ ಸುತ್ತ ಕುರ್ಚಿ ಎಳೆದುಕೊಂಡು ಕೂತಿದ್ದರು. ಹೋಗುವವರನ್ನು ಯಾರೂ ಕರೆದಿರಲಿಲ್ಲ.

ಮೇ ತಿಂಗಳ ಆ ಎರಡು ದಿನ ರೈಲಿಗೆ ಕಾಯದೆ ಹೆದ್ದಾರಿ ಹಿಡಿದು ಉತ್ತರಕ್ಕೆ ನಡೆದವರಿದ್ದರು. ತಲೆ ಮೇಲೆ ಗಂಟು, ಕಂಕುಳಲ್ಲಿ ಕೂಸು. ಅವರು ಯಾವ ಮನವಿಪತ್ರವನ್ನೂ ಕೊಟ್ಟಿರಲಿಲ್ಲ.